ಸಮೀಕರಣ ಬಿಡಿಸಲು ಬರುತ್ತದೆ, ಕಟ್ಟಲು ಬರುತ್ತಿಲ್ಲ: ವಯಸ್ಸಿನ ಲೆಕ್ಕ, ಪ್ರಯಾಣದ ಲೆಕ್ಕ

ಮುಧೋಳದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಮುಗಿಸಿ ವಿಜಯಪುರದಲ್ಲಿ ರೂಮ್ ಮಾಡಿಕೊಂಡು ರೈಲ್ವೆ ಪರೀಕ್ಷೆಗೆ ಓದುತ್ತಿದ್ದೇನೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ ಅನ್ನೋದು ನನ್ನಂಥವರಿಗೆ ದೊಡ್ಡ ಅನುಕೂಲ. ಸಾಮಾನ್ಯ ಜ್ಞಾನ, ವಿಜ್ಞಾನ ಪರವಾಗಿಲ್ಲ. ಗಣಿತದಲ್ಲಿ ಶೇಕಡಾ, ಬಡ್ಡಿ, ಲಾಭ-ನಷ್ಟ ಕೂಡ ಕೈಗೆ ಹತ್ತಿವೆ. ಆದರೆ ಅಪ್ಪ-ಮಗನ ವಯಸ್ಸು, ಬಸ್ಸು-ಲಾರಿ ಎದುರಾಗೋದು ಇಂಥವು ಬಂದರೆ ಪೆನ್ನು ಅಲ್ಲೇ ನಿಂತುಬಿಡುತ್ತದೆ.

ತೊಂದರೆ ಎಲ್ಲಿ ಅಂತ ಸರಿಯಾಗಿ ಹೇಳುತ್ತೇನೆ. ಯಾರಾದರೂ ಸಮೀಕರಣ ಬರೆದು ಕೈಗೆ ಕೊಟ್ಟರೆ ಬಿಡಿಸುತ್ತೇನೆ, ಅದು ಹತ್ತನೇ ಕ್ಲಾಸಿನಲ್ಲೇ ಚೆನ್ನಾಗಿ ಬರುತ್ತಿತ್ತು. ಮಾತಿನಲ್ಲಿ ಕೊಟ್ಟ ಲೆಕ್ಕವನ್ನು ಸಮೀಕರಣ ಮಾಡೋದೇ ಬರುತ್ತಿಲ್ಲ. ವಿಡಿಯೋ ನೋಡಿದರೆ ಒಬ್ಬೊಬ್ಬರು ಒಂದೊಂದು ಸೂತ್ರ ಹೇಳುತ್ತಾರೆ. ಸೂತ್ರ ಬಾಯಿಪಾಠ ಆಗುತ್ತದೆ, ಲೆಕ್ಕದ ಮಾತು ಸ್ವಲ್ಪ ಬದಲಾದರೆ ಯಾವ ಸೂತ್ರ ಹಾಕಬೇಕು ಅಂತಲೇ ತಿಳಿಯುವುದಿಲ್ಲ.

ಎರಡು ಉದಾಹರಣೆ ಹಾಕುತ್ತಿದ್ದೇನೆ. ಉತ್ತರ ಬೇಡ, ಯೋಚನೆ ಹೇಗೆ ಮಾಡಬೇಕು ಅಂತ ಹೇಳಿದರೆ ಸಾಕು.

ಒಂದು: ಅಪ್ಪನ ವಯಸ್ಸು ಮಗನ ವಯಸ್ಸಿನ 4 ಪಟ್ಟು. 5 ವರ್ಷದ ಹಿಂದೆ 7 ಪಟ್ಟು ಇತ್ತು. ಈಗ ಇಬ್ಬರ ವಯಸ್ಸು ಎಷ್ಟು?

ಎರಡು: ಎರಡು ಊರುಗಳ ನಡುವೆ 210 ಕಿ.ಮೀ. ಬೆಳಗ್ಗೆ 6ಕ್ಕೆ ಒಂದು ಊರಿನಿಂದ ಬಸ್ಸು ತಾಸಿಗೆ 40 ಕಿ.ಮೀ. ವೇಗದಲ್ಲಿ ಹೊರಡುತ್ತದೆ. 7ಕ್ಕೆ ಇನ್ನೊಂದು ಊರಿನಿಂದ ಲಾರಿ 45 ಕಿ.ಮೀ. ವೇಗದಲ್ಲಿ ಎದುರು ಬರುತ್ತದೆ. ಎಷ್ಟು ಗಂಟೆಗೆ ಎದುರಾಗುತ್ತವೆ?

ಗೋಕಾಕ_ಗಣಿತ

ತಂಗಿ, ನಾನು ಗೋಕಾಕ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನೀವು ಹೇಳಿದ್ದು ನಮ್ಮ ಹುಡುಗರಲ್ಲಿ ದಿನಾ ನೋಡುವ ತೊಂದರೆಯೇ. ಬಿಡಿಸೋದು ಕೈಕೆಲಸ, ರೂಢಿಯಿಂದ ಬರುತ್ತದೆ. ಕಟ್ಟೋದಕ್ಕೆ ಮಾತ್ರ ಲೆಕ್ಕವನ್ನು ನಿಧಾನವಾಗಿ ಓದಬೇಕು. ಅದನ್ನು ಯಾರೂ ಕುಳಿತು ಹೇಳಿಕೊಡುವುದಿಲ್ಲ.

ವಯಸ್ಸಿನ ಲೆಕ್ಕ ಮೊದಲು. ಪುಟದ ಮೇಲೆ ನಾಲ್ಕು ಖಾನೆ ಹಾಕಿ. ಮೇಲೆ "ಈಗ", "ಆಗ". ಪಕ್ಕದಲ್ಲಿ "ಅಪ್ಪ", "ಮಗ". ನಾಲ್ಕೂ ಖಾನೆ ತುಂಬುವ ತನಕ ಸಮೀಕರಣದ ಸುದ್ದಿಗೇ ಹೋಗಬೇಡಿ. ಮಗನ ಈಗಿನ ವಯಸ್ಸು ಗೊತ್ತಿಲ್ಲ, ಅಲ್ಲಿ ಮ ಅಂತ ಬರೆಯಿರಿ. ಎಕ್ಸ್ ಅಂತಲೇ ಬರೆಯಬೇಕು ಅಂತೇನಿಲ್ಲ. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ಒಂದಕ್ಕಿಂತ ಜಾಸ್ತಿ ಅವ್ಯಕ್ತ (ಗೊತ್ತಿಲ್ಲದ ಸಂಖ್ಯೆ) ಬಂದಾಗ ಕಪ್ಪು, ನೀಲಿ, ಹಳದಿ ಅಂತ ಬಣ್ಣದ ಹೆಸರು ಇಟ್ಟು ಲೆಕ್ಕ ಮಾಡುತ್ತಿದ್ದರು. ಯಾವ ಗುರುತು ಯಾರದು ಅಂತ ಕೊನೆಯವರೆಗೂ ನೆನಪಿರುವ ಹಾಗೆ ಇಟ್ಟುಕೊಂಡರೆ ಆಯಿತು.

ಅಪ್ಪ: ಈಗ 4ಮ, ಆಗ 4ಮ − 5
ಮಗ: ಈಗ ಮ, ಆಗ ಮ − 5

ಹೆಚ್ಚಿನ ಹುಡುಗರು ಜಾರೋದು ಕೊನೆಯ ಖಾನೆಯಲ್ಲಿ. ಅಪ್ಪನಿಗೆ 5 ಕಳೆಯುತ್ತಾರೆ, ಮಗನಿಗೆ ಕಳೆಯುವುದಿಲ್ಲ. 4ಮ − 5 = 7ಮ ಅಂತ ಬರೆದುಬಿಡುತ್ತಾರೆ, ಉತ್ತರ ಸೊನ್ನೆಗಿಂತ ಕಡಿಮೆ ಬರುತ್ತದೆ. 5 ವರ್ಷ ಹಿಂದೆ ಹೋದರೆ ಮನೆಯಲ್ಲಿರುವ ಎಲ್ಲರಿಗೂ 5 ವರ್ಷ ಕಡಿಮೆ ಆಗಬೇಕಲ್ವಾ? ಖಾನೆ ಹಾಕಿದರೆ ಇದನ್ನು ಮರೆಯಲು ಆಗುವುದೇ ಇಲ್ಲ, ಖಾಲಿ ಖಾನೆ ಕಣ್ಣಿಗೆ ಹೊಡೆಯುತ್ತದೆ.

ಈಗ "ಆಗ" ಅನ್ನೋದರ ಕೆಳಗಿನ ಎರಡು ಖಾನೆಗಳ ಬಗ್ಗೆ ಲೆಕ್ಕ ಏನು ಹೇಳಿದೆ? ಅಪ್ಪನದು ಮಗನದರ 7 ಪಟ್ಟು.

4ಮ − 5 = 7(ಮ − 5)
4ಮ − 5 = 7ಮ − 35
30 = 3ಮ, ಮ = 10

ಮಗ 10, ಅಪ್ಪ 40. ಹಿಂದೆ 5 ಮತ್ತು 35, ಏಳು ಪಟ್ಟು ಸರಿ ಇದೆ.

ಪಟ್ಟು ಬಂದಾಗ 7ನ್ನು ಯಾವ ಕಡೆ ಹಾಕಬೇಕು ಅಂತ ಗೊಂದಲ ಇದ್ದರೆ, ಯಾರು ಚಿಕ್ಕವರೋ ಅವರ ಕಡೆ ಹಾಕಿ. ಚಿಕ್ಕದನ್ನು ಗುಣಿಸಿದರೆ ತಾನೇ ದೊಡ್ಡದಕ್ಕೆ ಸಮ ಆಗೋದು.

ಇನ್ನು ಬಸ್ಸು-ಲಾರಿ. ಇಲ್ಲಿ ದೂರ = ವೇಗ × ಸಮಯ ಒಂದೇ ಸಾಕು. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ: ಇಬ್ಬರ ಕಥೆಯಲ್ಲಿ ಯಾವುದು ಒಂದೇ ಆಗಿದೆ, ಯಾವುದು ಕೂಡಿದರೆ ಗೊತ್ತಿರುವ ಸಂಖ್ಯೆ ಬರುತ್ತದೆ? ಎದುರುಬದುರು ಬಂದರೆ ಇಬ್ಬರೂ ಓಡಿದ ದೂರ ಕೂಡಿದರೆ ನಡುವಿನ ದೂರ. ಒಬ್ಬರು ಇನ್ನೊಬ್ಬರ ಬೆನ್ನುಹತ್ತಿದರೆ, ಸಿಕ್ಕ ಜಾಗಕ್ಕೆ ಇಬ್ಬರೂ ಓಡಿದ ದೂರ ಒಂದೇ. ಒಂದೇ ರಸ್ತೆಯಲ್ಲಿ ಒಂದು ದಿನ ನಿಧಾನ, ಒಂದು ದಿನ ಜೋರು ಹೋದರೂ ದೂರ ಒಂದೇ, ಸಮಯ ಬೇರೆ.

ಬಸ್ಸು ತ ತಾಸು ಓಡಿದೆ ಅಂದುಕೊಳ್ಳಿ. ಲಾರಿ ಒಂದು ತಾಸು ತಡವಾಗಿ ಹೊರಟಿದೆ, ಅದು ಓಡಿದ್ದು ತ − 1 ತಾಸು.

40ತ + 45(ತ − 1) = 210
85ತ = 255, ತ = 3

6ಕ್ಕೆ ಹೊರಟ ಬಸ್ಸು 3 ತಾಸು ಓಡಿದೆ, ಅಂದರೆ 9 ಗಂಟೆ. ಬಸ್ಸು 120, ಲಾರಿ 90, ಕೂಡಿದರೆ 210.

ಸಮೀಕರಣ ಇಲ್ಲದೆಯೂ ಆಗುತ್ತದೆ. ಲಾರಿ ಹೊರಡುವ ಹೊತ್ತಿಗೆ ಬಸ್ಸು 40 ಕಿ.ಮೀ. ಮುಗಿಸಿರುತ್ತದೆ, ಉಳಿದದ್ದು 170. ಅಲ್ಲಿಂದ ಪ್ರತಿ ತಾಸಿಗೆ ನಡುವಿನ ಜಾಗ 85 ಕಿ.ಮೀ. ಕಡಿಮೆ ಆಗುತ್ತದೆ. 170ನ್ನು 85ರಿಂದ ಭಾಗಿಸಿದರೆ 2 ತಾಸು. 7ಕ್ಕೆ 2 ಕೂಡಿಸಿ. ಎದುರು ಬಂದರೆ ದೂರವನ್ನು ವೇಗಗಳ ಮೊತ್ತದಿಂದ ಭಾಗಿಸು, ಒಂದೇ ದಿಕ್ಕಿನಲ್ಲಿದ್ದರೆ ವ್ಯತ್ಯಾಸದಿಂದ ಭಾಗಿಸು ಅನ್ನೋ ಈ ನಿಯಮವನ್ನು ಆರ್ಯಭಟ 499ರಲ್ಲೇ ಬರೆದಿಟ್ಟಿದ್ದಾನೆ. ಅವನ ಗ್ರಂಥ ಖಗೋಳದ್ದು. ಆಕಾಶದಲ್ಲಿ ಎರಡು ಗ್ರಹ ಒಂದನ್ನೊಂದು ಸೇರುವ ಹೊತ್ತು ತಿಳಿಯಲಿಕ್ಕೂ ಇದೇ ಬೇಕು.

ಹಳಿ_ಪಕ್ಕದವ

ಸರ್ ಹೇಳಿದ್ದು ಸರಿ, ಆದರೆ ಪರೀಕ್ಷೆಯ ಹೊತ್ತಿನ ಬಗ್ಗೆ ಒಂದು ಮಾತು. ನಾನು ರೈಲ್ವೆಯ ಗ್ರೂಪ್ ಡಿ ಪರೀಕ್ಷೆ ಬರೆದು ಈಗ ವಿಜಯಪುರ-ಬಾಗಲಕೋಟೆ ಲೈನಿನಲ್ಲೇ ಕೆಲಸ ಮಾಡುತ್ತಿದ್ದೇನೆ. 90 ನಿಮಿಷಕ್ಕೆ 100 ಪ್ರಶ್ನೆ, ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯುತ್ತಾರೆ. ಒಂದು ಪ್ರಶ್ನೆಗೆ ಒಂದು ನಿಮಿಷವೂ ಇಲ್ಲ. ಎಲ್ಲದಕ್ಕೂ ಖಾನೆ ಹಾಕುತ್ತಾ ಕೂತರೆ ಆಗುವುದಿಲ್ಲ ತಂಗಿ.

ನಿಮ್ಮ ಮೊದಲನೇ ಲೆಕ್ಕ ನಾನು ಹೀಗೆ ಮಾಡುತ್ತೇನೆ. ಈಗ 4 : 1, ಆಗ 7 : 1. ಇಬ್ಬರ ವಯಸ್ಸಿನ ಅಂತರ ಎಂದೂ ಬದಲಾಗುವುದಿಲ್ಲ. ಮೊದಲನೇದರಲ್ಲಿ ಅಂತರ 3 ಪಾಲು, ಎರಡನೇದರಲ್ಲಿ 6 ಪಾಲು. ಎರಡನ್ನೂ 6 ಮಾಡಬೇಕು. 4 : 1ನ್ನು ಎರಡರಿಂದ ಗುಣಿಸಿದರೆ 8 : 2. ಈಗ ನೋಡಿ, ಮಗ ಆಗ 1 ಪಾಲು ಇದ್ದವನು ಈಗ 2 ಪಾಲು ಆಗಿದ್ದಾನೆ. ಆ ಒಂದು ಪಾಲು ಅಂದರೆ 5 ವರ್ಷ. ಮಗ 2 × 5 = 10, ಅಪ್ಪ 8 × 5 = 40. ಬಾಯಲ್ಲೇ ಮುಗಿಯಿತು.

ರೈಲಿನ ಲೆಕ್ಕವೂ ಖಂಡಿತ ಬರುತ್ತದೆ, ಅದಕ್ಕೂ ಸೇರಿಸಿ ಹೇಳಿಬಿಡುತ್ತೇನೆ. ರೈಲು ಸೇತುವೆ ದಾಟಲು ಎಷ್ಟು ಸೆಕೆಂಡು ಅಂತ ಕೇಳಿದರೆ ಬರೀ ಸೇತುವೆಯ ಉದ್ದ ತೆಗೆದುಕೊಳ್ಳಬೇಡಿ. ಆಲಮಟ್ಟಿ ಹತ್ತಿರ ಕೃಷ್ಣೆಯ ಸೇತುವೆ ಪಕ್ಕ ನಿಂತು ನೋಡಿದರೆ ಇದು ತಾನಾಗಿ ತಿಳಿಯುತ್ತದೆ. ಇಂಜಿನ್ ಸೇತುವೆ ಹತ್ತಿದಾಗ ದಾಟೋದು ಶುರು. ಇಂಜಿನ್ ಆಚೆ ದಡ ಮುಟ್ಟಿದಾಗಲೂ ಡಬ್ಬಿಗಳೆಲ್ಲ ಇನ್ನೂ ನೀರಿನ ಮೇಲೇ ಇರುತ್ತವೆ. ಕೊನೆಯ ಡಬ್ಬಿ ಸೇತುವೆ ಬಿಟ್ಟಾಗಲೇ ದಾಟಿದ ಹಾಗೆ. ಅಷ್ಟರಲ್ಲಿ ಇಂಜಿನ್ ಸೇತುವೆಯ ಉದ್ದದ ಜೊತೆ ರೈಲಿನ ಉದ್ದವನ್ನೂ ಓಡಿರುತ್ತದೆ.

ಲೆಕ್ಕಕ್ಕೆ ರೈಲು 300 ಮೀಟರ್, ಸೇತುವೆ 600 ಮೀಟರ್, ವೇಗ ತಾಸಿಗೆ 54 ಕಿ.ಮೀ. ಅಂತ ಇಟ್ಟುಕೊಳ್ಳಿ. 54ನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಮಾಡಲು 5ರಿಂದ ಗುಣಿಸಿ 18ರಿಂದ ಭಾಗಿಸಿ, 15 ಬರುತ್ತದೆ. ಈ 5, 18 ಎಲ್ಲಿಂದ ಬಂತು ಅಂದರೆ 1 ಕಿ.ಮೀ. 1000 ಮೀಟರ್, 1 ತಾಸು 3600 ಸೆಕೆಂಡು, ಅವೆರಡನ್ನು ಸಣ್ಣದು ಮಾಡಿದ್ದು. 900ನ್ನು 15ರಿಂದ ಭಾಗಿಸಿದರೆ 60 ಸೆಕೆಂಡು. ಕಂಬ ಅಥವಾ ನಿಂತ ಮನುಷ್ಯನನ್ನು ದಾಟೋದು ಆದರೆ ರೈಲಿನ ಉದ್ದ ಮಾತ್ರ.

ಗೋಕಾಕ_ಗಣಿತ

ಹಳಿ ಪಕ್ಕದ ಅಣ್ಣಾವ್ರೇ, ನಿಮ್ಮ ಪಾಲಿನ ವಿಧಾನ ಬಹಳ ಚೆನ್ನಾಗಿದೆ, ಮತ್ತು ನೀವು ಅದರ ಕಾರಣವನ್ನೂ ಹೇಳಿದ್ದೀರಿ. ಅಂತರ ಬದಲಾಗುವುದಿಲ್ಲ ಅನ್ನೋದೇ ಅದರ ಜೀವಾಳ. ನನಗೆ ಬೇಸರ ಇರೋದು ಕಾರಣ ಬಿಟ್ಟು ಬರೀ "ಅಡ್ಡಡ್ಡ ಗುಣಿಸಿ, ಮೇಲಿಂದ ಕಳೆಯಿರಿ" ಅಂತ ಹೇಳಿಕೊಡುವವರ ಬಗ್ಗೆ. ಅದರಿಂದ ಹುಡುಗರು ಕೆಡುತ್ತಾರೆ.

ಯಾಕೆ ಅಂತ ಒಂದು ಉದಾಹರಣೆ. ಅಪ್ಪನ ವಯಸ್ಸು ಮಗನ ವಯಸ್ಸಿನ 3 ಪಟ್ಟು. ಅಪ್ಪನ 5 ವರ್ಷದ ಹಿಂದಿನ ವಯಸ್ಸು, ಮಗನಿಗೆ ಇನ್ನು 5 ವರ್ಷಕ್ಕೆ ಆಗುವ ವಯಸ್ಸಿನ 2 ಪಟ್ಟು. ಇಲ್ಲಿ 3 : 1, 2 : 1 ಅಂತ ಪಾಲು ಹಾಕಿದರೆ ಎಲ್ಲ ತಪ್ಪುತ್ತದೆ. ಯಾಕಂದರೆ ಎರಡನೇ ಮಾತಿನಲ್ಲಿ ಅಪ್ಪನನ್ನು ಒಂದು ವರ್ಷದಲ್ಲಿ ನೋಡುತ್ತಿದ್ದೇವೆ, ಮಗನನ್ನು ಇನ್ನೊಂದು ವರ್ಷದಲ್ಲಿ. ಆ ಎರಡು ವಯಸ್ಸಿನ ನಡುವಿನ ಅಂತರ ಅವರ ನಿಜವಾದ ಅಂತರ ಅಲ್ಲ. ಸಮೀಕರಣಕ್ಕೆ ಇದು ಏನೂ ತೊಂದರೆ ಇಲ್ಲ.

3ಮ − 5 = 2(ಮ + 5), ಮ = 15

ಮಗ 15, ಅಪ್ಪ 45. ಅಪ್ಪ ಹಿಂದೆ 40, ಮಗ ಮುಂದೆ 20. ಸರಿ ಹೋಯಿತು.

ಹಾಗಾಗಿ ತಂಗಿ, ಇಬ್ಬರನ್ನೂ ಒಂದೇ ಹೊತ್ತಿನಲ್ಲಿ ಹೋಲಿಸಿದ್ದರೆ ಪಾಲು ಹಾಕಿ. ಬೇರೆ ಬೇರೆ ಹೊತ್ತಿನಲ್ಲಿ ಹೋಲಿಸಿದ್ದರೆ ಖಾನೆ ಹಾಕಿ. ಓದುವಾಗಲೇ ಅದನ್ನು ಗುರುತಿಸಿಕೊಳ್ಳಿ.

ಡಿಪೋ_ಅಣ್ಣ

ನಾನು ಸರಕಾರಿ ಬಸ್ಸಿನ ಡ್ರೈವರ್. ಬೆಳಗಾವಿ-ಬಾಗಲಕೋಟೆ, ಯರಗಟ್ಟಿ ಲೋಕಾಪುರ ಮಾರ್ಗ. ನನ್ನ ಮಗ ಒಂಬತ್ತನೇ ಕ್ಲಾಸು, ಅವನಿಗೆ ರಾತ್ರಿ ಲೆಕ್ಕ ಹೇಳಿಕೊಡುತ್ತೇನೆ, ಅದಕ್ಕೇ ಈ ಮಾತುಕತೆ ಓದುತ್ತಾ ಕೂತೆ. ಸರಾಸರಿ ವೇಗದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ.

ಹೋಗುವಾಗ ತಾಸಿಗೆ 40, ಬರುವಾಗ 60. ಸರಾಸರಿ ಎಷ್ಟು? ಎಲ್ಲರೂ 50 ಅನ್ನುತ್ತಾರೆ. ಉತ್ತರ 48. ದೂರ 120 ಕಿ.ಮೀ. ಅಂತ ಇಟ್ಟುಕೊಳ್ಳಿ, ಎರಡಕ್ಕೂ ಸರಿಯಾಗಿ ಭಾಗ ಹೋಗುತ್ತದೆ. ಹೋಗಲು 3 ತಾಸು, ಬರಲು 2 ತಾಸು. ಒಟ್ಟು 240 ಕಿ.ಮೀ., 5 ತಾಸು, ಭಾಗಿಸಿದರೆ 48. ನಿಧಾನ ಓಡಿಸಿದ ರಸ್ತೆಯ ಮೇಲೆ ಜಾಸ್ತಿ ಹೊತ್ತು ಇರುತ್ತೇವೆ, ಜೋರು ಓಡಿಸಿದ ರಸ್ತೆಯ ಮೇಲೆ ಕಡಿಮೆ ಹೊತ್ತು. ಅದಕ್ಕೇ ಸರಾಸರಿ ನಿಧಾನದ ಕಡೆ ವಾಲುತ್ತದೆ. ದೂರ ಎಷ್ಟೇ ಇಟ್ಟುಕೊಂಡರೂ 48 ಬರುತ್ತದೆ, ಬೇಕಾದರೆ 240 ಇಟ್ಟು ನೋಡಿ.

ಇದು ಗಾಡಿ ಓಡಿಸುವವರಿಗೆ ದಿನಾ ಗೊತ್ತಾಗುವ ವಿಷಯ. ಯರಗಟ್ಟಿ ದಾಟಿದ ಮೇಲೆ ಮುಳ್ಳು 60 ತೋರಿಸುತ್ತಿರುತ್ತದೆ. ಆದರೆ ಹಂಗಾಮು ಶುರುವಾದರೆ ಲೋಕಾಪುರದ ಕಡೆ ಕಬ್ಬಿನ ಟ್ರ್ಯಾಕ್ಟರುಗಳು, ಹಿಂದೆ ಎರಡೆರಡು ಟ್ರೇಲರ್, ಸೈಡು ಸಿಗುವುದಿಲ್ಲ. ಅಲ್ಲಿ ಹತ್ತು ನಿಮಿಷ ಹೋದರೆ ಮುಂದೆ ಎಷ್ಟೇ ಒತ್ತಿದರೂ ಆ ಹೊತ್ತು ವಾಪಸ್ ಬರುವುದಿಲ್ಲ. ಜೊತೆಗೆ ಪ್ರತಿ ಸ್ಟ್ಯಾಂಡಿನಲ್ಲಿ ನಿಲ್ಲಬೇಕು.

ನಿಲ್ಲುವ ಬಗ್ಗೆಯೂ ಒಂದು ಲೆಕ್ಕ ಪರೀಕ್ಷೆಯಲ್ಲಿ ಬರುತ್ತದೆ. ಎಲ್ಲೂ ನಿಲ್ಲದೆ ಓಡಿದರೆ ಬಸ್ಸಿನ ವೇಗ 54, ನಿಂತು ನಿಂತು ಓಡಿದರೆ 45. ತಾಸಿಗೆ ಎಷ್ಟು ನಿಮಿಷ ನಿಲ್ಲುತ್ತದೆ? ಸೂತ್ರ ಏನೂ ಬೇಡ. ಒಂದು ತಾಸಿನಲ್ಲಿ ಬಸ್ಸು ಮುಂದೆ ಹೋಗಿದ್ದು 45 ಕಿ.ಮೀ. ಆ 45ನ್ನು 54ರ ವೇಗದಲ್ಲಿ ಓಡಿಸಲು 50 ನಿಮಿಷ ಸಾಕು. ಉಳಿದ 10 ನಿಮಿಷ ನಿಂತಿದೆ ಅಂತ ಅರ್ಥ.

ಮುಧೋಳದ_ಹುಡುಗಿ

ಎಲ್ಲರಿಗೂ ಬಹಳ ಬಹಳ ಧನ್ಯವಾದ. ನಾಲ್ಕು ಖಾನೆ ಹಾಕಿ ಹಳೇ ಪತ್ರಿಕೆಯ ವಯಸ್ಸಿನ ಲೆಕ್ಕಗಳನ್ನೆಲ್ಲ ಮಾಡುತ್ತಾ ಹೋದೆ, ಬಹುತೇಕ ಬಂದವು. ಡ್ರೈವರ್ ಅಣ್ಣಾ, ನಿಲ್ಲುವ ಲೆಕ್ಕ ಇಷ್ಟು ಸುಲಭ ಅಂತ ಗೊತ್ತೇ ಇರಲಿಲ್ಲ.

ಎರಡು ಮಾತ್ರ ಇನ್ನೂ ಆಗುತ್ತಿಲ್ಲ.

ಅಕ್ಕ ತಂಗಿಗೆ ಹೇಳುತ್ತಾಳೆ: "ನಾನು ನಿನ್ನ ಈಗಿನ ವಯಸ್ಸಿನವಳಿದ್ದಾಗ ನಿನಗೆ 8 ವರ್ಷ. ನೀನು ನನ್ನ ಈಗಿನ ವಯಸ್ಸಿಗೆ ಬಂದಾಗ ನನಗೆ 29 ಆಗಿರುತ್ತದೆ." ಇಬ್ಬರ ವಯಸ್ಸು ಎಷ್ಟು? ಇದಕ್ಕೆ ಖಾನೆ ಹಾಕಿದರೆ ಎಷ್ಟು ವರ್ಷ ಹಿಂದೆ, ಎಷ್ಟು ವರ್ಷ ಮುಂದೆ ಅಂತಲೇ ಕೊಟ್ಟಿಲ್ಲ.

ಇನ್ನೊಂದು: ತಾಸಿಗೆ 40 ಕಿ.ಮೀ. ವೇಗದಲ್ಲಿ ಹೋದರೆ 15 ನಿಮಿಷ ತಡವಾಗುತ್ತದೆ, 50ರಲ್ಲಿ ಹೋದರೆ 9 ನಿಮಿಷ ಮುಂಚೆ ಮುಟ್ಟುತ್ತಾನೆ. ದೂರ ಎಷ್ಟು?

ಅಥಣಿ_ಟ್ಯೂಷನ್_ಅಕ್ಕ

ತಂಗಿ, ಅಕ್ಕ-ತಂಗಿ ಲೆಕ್ಕ ನಾನು ಹೇಳುತ್ತೇನೆ. ನಮ್ಮ ಮನೆಗೆ ಟ್ಯೂಷನ್‌ಗೆ ಬರುವ ಹೆಣ್ಣುಮಕ್ಕಳಿಗೆ ಈ ಲೆಕ್ಕ ಅಂದರೆ ಬಹಳ ಇಷ್ಟ, ಯಾಕಂದರೆ ಗೆರೆ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ.

ಒಂದು ಉದ್ದ ಗೆರೆ ಎಳೆಯಿರಿ. ಅದರ ಮೇಲೆ ವಯಸ್ಸುಗಳನ್ನು ಚುಕ್ಕಿ ಇಡುತ್ತಾ ಹೋಗಿ. ಎಡ ತುದಿಯಲ್ಲಿ 8. ಬಲ ತುದಿಯಲ್ಲಿ 29. ನಡುವೆ ಎರಡು ಚುಕ್ಕಿ, ಮೊದಲನೇದು ತಂಗಿಯ ಈಗಿನ ವಯಸ್ಸು, ಎರಡನೇದು ಅಕ್ಕನ ಈಗಿನ ವಯಸ್ಸು.

ಈಗ ಮೊದಲನೇ ಮಾತು ಓದಿ. ಅಕ್ಕ ತಂಗಿಯ ಚುಕ್ಕಿಯಲ್ಲಿದ್ದಾಗ ತಂಗಿ 8ರಲ್ಲಿ. ಅಂದರೆ 8ರಿಂದ ತಂಗಿಯ ಚುಕ್ಕಿಗೆ ಇರುವ ಜಾಗ ಇಬ್ಬರ ಅಂತರ. ಈಗ ಇಬ್ಬರೂ ನಿಂತಿರುವ ಚುಕ್ಕಿಗಳ ನಡುವೆ ಇರುವುದೂ ಅದೇ ಅಂತರ. ಎರಡನೇ ಮಾತಿನಲ್ಲಿ ತಂಗಿ ಅಕ್ಕನ ಚುಕ್ಕಿಗೆ ಬಂದಾಗ ಅಕ್ಕ 29ರಲ್ಲಿ. ಅಲ್ಲೂ ಅದೇ ಅಂತರ. ಒಟ್ಟು ಗೆರೆಯಲ್ಲಿ ಮೂರು ಸಮನಾದ ತುಂಡು. 8ರಿಂದ 29ಕ್ಕೆ 21 ವರ್ಷ, ಮೂರು ತುಂಡು ಮಾಡಿದರೆ 7. ತಂಗಿ 15, ಅಕ್ಕ 22.

7 ವರ್ಷ ಹಿಂದೆ ಹೋಗಿ ನೋಡಿ: ಅಕ್ಕ 15, ತಂಗಿ 8. 7 ವರ್ಷ ಮುಂದೆ: ತಂಗಿ 22, ಅಕ್ಕ 29.

ಎಷ್ಟು ವರ್ಷ ಹಿಂದೆ ಅಂತ ಕೊಟ್ಟಿಲ್ಲ ಅಂದಿರಲ್ಲ, ಅದು ಇಬ್ಬರ ಅಂತರವೇ. ದೊಡ್ಡವಳು ಚಿಕ್ಕವಳ ವಯಸ್ಸಿನಲ್ಲಿ ಇದ್ದದ್ದು ಅಂತರದಷ್ಟು ವರ್ಷದ ಹಿಂದೆ ತಾನೇ. ಹಾಗಾಗಿ ಇಂಥ ಲೆಕ್ಕದಲ್ಲಿ ವಯಸ್ಸಿಗೆ ಅಕ್ಷರ ಇಡೋದಕ್ಕಿಂತ ಅಂತರಕ್ಕೆ ಅಕ್ಷರ ಇಟ್ಟರೆ ಹಗುರ ಆಗುತ್ತದೆ.

ಇನ್ನೊಂದು ಜಾತಿಯ ಲೆಕ್ಕವನ್ನೂ ನೋಡಿಟ್ಟುಕೊಳ್ಳಿ. ಮನೆಯಲ್ಲಿ 4 ಜನ, ಈಗ ಎಲ್ಲರ ವಯಸ್ಸು ಕೂಡಿದರೆ 90. 5 ವರ್ಷದ ಹಿಂದೆ ಮನೆಯವರ ವಯಸ್ಸು ಕೂಡಿದರೆ 72 ಇತ್ತು. ಎಲ್ಲಕ್ಕಿಂತ ಚಿಕ್ಕವರಿಗೆ ಈಗ ಎಷ್ಟು? 4 ಜನಕ್ಕೆ 5 ವರ್ಷದಂತೆ 20 ಕಡಿಮೆ ಆಗಿ 70 ಇರಬೇಕಿತ್ತು. 72 ಇದೆ. ಕಡಿಮೆ ಆಗಿದ್ದು 18 ಮಾತ್ರ. ಮೂರು ಜನರಿಂದ 15 ಕಡಿಮೆ ಆಗಿದೆ, ನಾಲ್ಕನೆಯವರಿಂದ 3. ಅಂದರೆ ಆ ಮಗು ಆಗ ಹುಟ್ಟೇ ಇರಲಿಲ್ಲ, ಅದಕ್ಕೆ ಈಗ 3 ವರ್ಷ. ಇದರಲ್ಲಿ ಸಮೀಕರಣ ಇಲ್ಲ, ಸೂತ್ರ ಇಲ್ಲ, ಆದರೂ ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಇದೇ.

ಡಿಪೋ_ಅಣ್ಣ

ತಡ-ಮುಂಚೆ ಲೆಕ್ಕ ನನ್ನದು. ಇದರಲ್ಲಿ ನಿಮಿಷಗಳನ್ನು ಕೂಡಬೇಕೋ ಕಳೆಯಬೇಕೋ ಅನ್ನೋದೇ ಗೊಂದಲ. ಶೆಡ್ಯೂಲ್ ಹೊತ್ತನ್ನು ನಡುವೆ ಇಟ್ಟು ನೋಡಿ. ಒಂದು ದಿನ ಅದಕ್ಕಿಂತ 15 ನಿಮಿಷ ಆಚೆ ಮುಟ್ಟಿದ, ಇನ್ನೊಂದು ದಿನ 9 ನಿಮಿಷ ಈಚೆ. ಎರಡು ದಿನಗಳ ನಡುವಿನ ವ್ಯತ್ಯಾಸ 24 ನಿಮಿಷ. ಎರಡು ದಿನವೂ ತಡವಾಗಿದ್ದರೆ, ಉದಾಹರಣೆಗೆ 15 ಮತ್ತು 9 ನಿಮಿಷ ತಡ ಅಂದಿದ್ದರೆ, ವ್ಯತ್ಯಾಸ ಬರೀ 6.

ಈಗ ದೂರಕ್ಕೆ ದ ಅನ್ನೋಣ. 40ರಲ್ಲಿ ದ/40 ತಾಸು, 50ರಲ್ಲಿ ದ/50 ತಾಸು. ವ್ಯತ್ಯಾಸ 24 ನಿಮಿಷ, ಅಂದರೆ 24/60 ತಾಸು. ಇಲ್ಲಿ ನಿಮಿಷವನ್ನು ತಾಸು ಮಾಡಲೇಬೇಕು, ನನ್ನ ಮಗ ಇಲ್ಲೇ ಮರೆಯುತ್ತಾನೆ.

ದ/40 − ದ/50 = 24/60
ದ/200 = 2/5
ದ = 80

80 ಕಿ.ಮೀ. 40ರಲ್ಲಿ 2 ತಾಸು, 50ರಲ್ಲಿ 1 ತಾಸು 36 ನಿಮಿಷ. ನಡುವೆ 24 ನಿಮಿಷ ಸರಿಯಾಗಿದೆ. ಶೆಡ್ಯೂಲ್ ಹೊತ್ತು 1 ತಾಸು 45 ನಿಮಿಷ ಇತ್ತು ಅಂತಲೂ ಸಿಕ್ಕಿತು, ಕೆಲವು ಸಲ ಅದನ್ನೇ ಕೇಳುತ್ತಾರೆ.

ಬಾಯಲ್ಲಿ ಮಾಡೋದಾದರೆ 40ಕ್ಕೂ 50ಕ್ಕೂ ಭಾಗ ಹೋಗುವ 200 ಕಿ.ಮೀ. ಇಟ್ಟುಕೊಳ್ಳಿ. 5 ತಾಸು ಮತ್ತು 4 ತಾಸು, ವ್ಯತ್ಯಾಸ 60 ನಿಮಿಷ. 60 ನಿಮಿಷಕ್ಕೆ 200 ಆದರೆ 24 ನಿಮಿಷಕ್ಕೆ 80.

ಹಳಿ_ಪಕ್ಕದವ

ಡ್ರೈವರ್ ಅಣ್ಣಾ, ಕೊನೆಯ ಆ ಸಾಲು ಪರೀಕ್ಷೆಗೆ ಚಿನ್ನ. ದೋಣಿ ಲೆಕ್ಕವೂ ಕಷ್ಟ ಇಲ್ಲ ತಂಗಿ. ಹೊಳೆ ಇಳಿಯುವಾಗ ದೋಣಿಯ ವೇಗಕ್ಕೆ ನೀರಿನ ವೇಗ ಕೂಡುತ್ತದೆ, ಏರುವಾಗ ಕಳೆಯುತ್ತದೆ. 24 ಕಿ.ಮೀ. ಇಳಿಯಲು 2 ತಾಸು, ಅಷ್ಟೇ ದೂರ ಏರಲು 3 ತಾಸು ಅಂದರೆ ವೇಗ 12 ಮತ್ತು 8. ನಡುವಿನ 10 ದೋಣಿಯದು, ಎರಡೂ ಕಡೆಗೆ ಸರಿದ 2 ನೀರಿನದು. ಅಷ್ಟೇ.

ಮುಧೋಳದ_ಹುಡುಗಿ

ಗೆರೆ ಎಳೆದು ನೋಡಿದೆ ಅಕ್ಕಾ, ಮೂರು ತುಂಡು ಕಣ್ಣಿಗೇ ಕಾಣುತ್ತದೆ! ತಡ-ಮುಂಚೆ ಲೆಕ್ಕವನ್ನು ಬೇರೆ ಸಂಖ್ಯೆ ಹಾಕಿಯೂ ಮಾಡಿದೆ, ಬಂತು.

ಒಂದನ್ನು ನಾನೇ ಕಟ್ಟಿ ಬಿಡಿಸಿದ್ದೇನೆ, ಸರಿಯೋ ನೋಡಿ ಸರ್. 300 ಕಿ.ಮೀ. ದೂರ. ವೇಗ ತಾಸಿಗೆ 10 ಕಿ.ಮೀ. ಜಾಸ್ತಿ ಇದ್ದಿದ್ದರೆ ಬಸ್ಸು 1 ತಾಸು ಮುಂಚೆ ಮುಟ್ಟುತ್ತಿತ್ತು. ವೇಗ ಎಷ್ಟು? ದೂರ ಒಂದೇ, ಸಮಯದ ವ್ಯತ್ಯಾಸ 1 ತಾಸು ಅಂತ ಹಿಡಿದೆ.

300/ವ − 300/(ವ + 10) = 1
ವ(ವ + 10) = 3000
ವ = 50 ಅಥವಾ −60

ವೇಗ ಸೊನ್ನೆಗಿಂತ ಕಡಿಮೆ ಇರಲು ಆಗುವುದಿಲ್ಲ, ಹಾಗಾಗಿ −60 ಬಿಟ್ಟು 50 ಬರೆದೆ. ಆದರೆ ಉತ್ತರಗಳ ಪಟ್ಟಿಯಲ್ಲಿ 60 ಕೂಡ ಇದೆ, ಅದಕ್ಕೇ ಅನುಮಾನ ಬಂತು.

ಗೋಕಾಕ_ಗಣಿತ

ಪೂರ್ತಿ ಸರಿ ತಂಗಿ. ಕಟ್ಟಿದ್ದೂ ಸರಿ, ಬಿಟ್ಟಿದ್ದೂ ಸರಿ. 50ರಲ್ಲಿ 6 ತಾಸು, 60ರಲ್ಲಿ 5 ತಾಸು, ಒಂದು ತಾಸು ವ್ಯತ್ಯಾಸ.

ಆ 60 ಪಟ್ಟಿಯಲ್ಲಿ ಸುಮ್ನೆ ಬಂದಿಲ್ಲ. 10 ಅಂತರ ಇರುವ ಯಾವ ಎರಡು ಸಂಖ್ಯೆ ಗುಣಿಸಿದರೆ 3000 ಬರುತ್ತದೆ ಅಂತ ಸಮೀಕರಣ ಕೇಳುತ್ತಿದೆ. 50, 60 ಒಂದು ಜೋಡಿ. −60, −50 ಇನ್ನೊಂದು ಜೋಡಿ. ನೀವು ಬಿಟ್ಟ −60ರ ಚಿಹ್ನೆ ತೆಗೆದರೆ ಸಿಗೋದು ವೇಗ ಜಾಸ್ತಿ ಮಾಡಿದ ಮೇಲಿನ ಬಸ್ಸಿನ ವೇಗವೇ. ಈ ಬಗೆಯ ಲೆಕ್ಕದಲ್ಲಿ ಯಾವಾಗಲೂ ಹೀಗೇ ಆಗುತ್ತದೆ, ಹಾಗಾಗಿ ಇದರಿಂದ ಉತ್ತರ ತಾಳೆಯೂ ನೋಡಿಕೊಳ್ಳಬಹುದು. ಪ್ರಶ್ನೆ ಮೊದಲಿನ ವೇಗ ಕೇಳಿದೆಯೋ, ಹೆಚ್ಚಿಸಿದ ಮೇಲಿನ ವೇಗ ಕೇಳಿದೆಯೋ ಅಂತ ಗುರುತು ಹಾಕುವ ಮುಂಚೆ ಇನ್ನೊಂದು ಸಲ ಓದಿ. ಇಲ್ಲಿ ಕೇಳಿರೋದು ಮೊದಲಿನದು, 50.